ಓಪನ್ ಸೋರ್ಸ್ ಶುರು ಮಾಡ್ಬೇಕು, ಆದ್ರೆ ಯಾವ ಇಶ್ಯೂ ನೋಡಿದ್ರೂ ಆಗ್ಲೇ ಯಾರೋ ಹಿಡ್ಕೊಂಡಿದ್ದಾರೆ, ಏನ್ ಮಾಡ್ಲಿ?

ಪ್ರಶ್ನೆ: ನಾನು ದಾವಣಗೆರೆಲಿ ಬಿಇ ಕಂಪ್ಯೂಟರ್ ಸೈನ್ಸ್ ಮೂರನೇ ವರ್ಷ ಓದ್ತಿದ್ದೀನಿ. ಸಿ ಪ್ಲಸ್ ಪ್ಲಸ್, ಪೈಥಾನ್ ಬರತ್ತೆ, ಕೋಡಿನ ಬದಲಾವಣೆಗಳ ಲೆಕ್ಕ ಇಡೋ ಗಿಟ್ ತಕ್ಕಮಟ್ಟಿಗೆ ಗೊತ್ತು. ಗಿಟ್‌ಹಬ್‌ನಲ್ಲಿ "ಗುಡ್ ಫಸ್ಟ್ ಇಶ್ಯೂ" (ಹೊಸಬರಿಗೆ ಅಂತ ಗುರುತು ಹಾಕಿದ ಕೆಲಸ) ಅಂತ ಹುಡುಕಿದ್ರೆ ಪ್ರತಿಯೊಂದರ ಕೆಳಗೂ ಸುಮಾರು ಜನ "ಅಸೈನ್ ಮಿ" ಅಂತ ಹಾಕಿರ್ತಾರೆ. ಹೇಗೋ ಒಂದು ಪ್ರಾಜೆಕ್ಟ್‌ಗೆ ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸ್ಕೊಳ್ಳಿ ಅನ್ನೋ ಕೋರಿಕೆ) ಕಳಿಸಿದೆ, ಮೂರು ವಾರ ಆಯ್ತು, ಯಾರೂ ಕಣ್ಣೆತ್ತಿ ನೋಡಿಲ್ಲ. ಇಂಗ್ಲಿಷ್ ಅಷ್ಟಕ್ಕಷ್ಟೆ, ಲ್ಯಾಪ್‌ಟಾಪ್ 8 ಜಿಬಿ ರ‍್ಯಾಮಿಂದು. ಎಲ್ಲಿಂದ ಶುರು ಮಾಡ್ಲಿ? ಇದ್ರಿಂದ ಕೆಲಸ ಸಿಗೋಕೆ ನಿಜವಾಗ್ಲೂ ಉಪಯೋಗ ಆಗತ್ತಾ?

ಉತ್ತರ: ಮೊದ್ಲು ಒಂದು ವಿಷ್ಯ ಹೇಳಿಬಿಡ್ತೀನಿ, ಇದು ತಲೇಲಿ ಕೂತ್ರೆ ಉಳಿದಿದ್ದು ಸುಲಭ ಆಗತ್ತೆ. ಹೆಸರಿರೋ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿಟ್ಟ) ಪ್ರಾಜೆಕ್ಟ್‌ಗಳಲ್ಲಿ ಇವತ್ತು ಕೋಡ್ ಬರೆದು ಕಳಿಸೋರಿಗೆ ಬರ ಇಲ್ಲ, ಬಂದಿದ್ದನ್ನ ಕೂತು ಓದಿ, ರನ್ ಮಾಡಿ, ಇದು ಸರಿ ಇದು ತಪ್ಪು ಅಂತ ಹೇಳೋರಿಗೆ ಬರ. ಬಹಳ ಕಡೆ ಆ ಕೆಲಸ ಮಾಡೋರು ಬೆರಳೆಣಿಕೆ ಜನ, ಅದ್ರಲ್ಲೂ ಎಷ್ಟೋ ಜನ ಆಫೀಸ್ ಮುಗಿಸಿ ರಾತ್ರಿ ಮನೇಲಿ ಕೂತು ಮಾಡ್ತಾರೆ. ಹಾಗಾಗಿ ಹೊಸಬರು ಕೇಳ್ಕೋಬೇಕಾದ ಪ್ರಶ್ನೆ "ನನಗೆ ಯಾವ ಇಶ್ಯೂ ಸಿಗತ್ತೆ" ಅಂತಲ್ಲ, "ಅವರ ತಲೆ ಮೇಲಿರೋ ಭಾರ ನಾನು ಎಲ್ಲಿ ಇಳಿಸ್ಬಹುದು" ಅಂತ. ನಿಮ್ಮ ಪುಲ್ ರಿಕ್ವೆಸ್ಟ್ ಮೂರು ವಾರದಿಂದ ಅಲ್ಲೇ ಕೂತಿರೋದಕ್ಕೂ ಬಹುಶಃ ಇದೇ ಕಾರಣ, ನಿಮ್ಮ ಕೋಡ್ ಕೆಟ್ಟದಾಗಿದೆ ಅಂತ ಈಗ್ಲೇ ತೀರ್ಮಾನ ಮಾಡ್ಬೇಡಿ.

ಇನ್ನೊಂದು ಹಿನ್ನೆಲೆ ಗೊತ್ತಿರ್ಲಿ, ಯಾಕಂದ್ರೆ ನಮ್ಮ ದೇಶದ ಸ್ಟೂಡೆಂಟ್ಸ್ ಬಗ್ಗೆ ಕೆಲವು ಕಡೆ ಆಗ್ಲೇ ಒಂದು ಬೇಸರ ಇದೆ. 2020ರ ಅಕ್ಟೋಬರ್‌ನಲ್ಲಿ ಡಿಜಿಟಲ್ ಓಷನ್ ಕಂಪನಿ ನಡೆಸಿದ ಹ್ಯಾಕ್ಟೋಬರ್‌ಫೆಸ್ಟ್ ಅಭಿಯಾನದಲ್ಲಿ ಪುಲ್ ರಿಕ್ವೆಸ್ಟ್ ಕಳಿಸಿದ್ರೆ ಟೀ ಶರ್ಟ್ ಸಿಗತ್ತೆ ಅಂತ ರೀಡ್‌ಮಿ (ಪ್ರಾಜೆಕ್ಟ್‌ನ ಪರಿಚಯದ) ಫೈಲ್‌ಗೆ ಒಂದು ಪದ ಸೇರಿಸಿ ಕಳಿಸೋ ಪುಲ್ ರಿಕ್ವೆಸ್ಟ್‌ಗಳು ರಾಶಿ ರಾಶಿ ಬಂದ್ವು, ಕೊನೆಗೆ ನಿಯಮನೇ ಬದಲಾಯ್ತು, ಪ್ರಾಜೆಕ್ಟ್‌ನವರು ತಾವಾಗೇ ಒಪ್ಕೊಂಡ್ರೆ ಮಾತ್ರ ಲೆಕ್ಕ ಅಂತ. 2024ರ ಶುರುನಲ್ಲಿ ಎಕ್ಸ್‌ಪ್ರೆಸ್ ಜೆಎಸ್ ಅನ್ನೋ ವೆಬ್ ಲೈಬ್ರರಿಗೂ ಇದೇ ಗತಿ, ಒಂದು ಟ್ಯುಟೋರಿಯಲ್ ವಿಡಿಯೋ ನೋಡ್ಕೊಂಡು ಜನ ರೀಡ್‌ಮಿಗೆ ತಮ್ಮ ಹೆಸರು ಸೇರಿಸಿ ಕಳಿಸ್ತಾನೇ ಇದ್ರು, ಅದನ್ನ ಒಂದೊಂದಾಗಿ ಕ್ಲೋಸ್ ಮಾಡಿದ್ದು ಪುಕ್ಕಟೆ ಕೆಲಸ ಮಾಡೋ ಜನ. ಅದೇ ವರ್ಷ ಮಾರ್ಚ್‌ನಲ್ಲಿ ಎಕ್ಸ್‌ಝೆಡ್ ಅನ್ನೋ ಕಂಪ್ರೆಷನ್ ಲೈಬ್ರರಿಯೊಳಗೆ ಬ್ಯಾಕ್‌ಡೋರ್, ಅಂದ್ರೆ ಕದ್ದು ಒಳನುಗ್ಗೋ ದಾರಿ, ಸಿಕ್ತು. ಸುಮಾರು ಎರಡು ವರ್ಷ ಒಳ್ಳೇ ಕೆಲಸ ಮಾಡಿ, ಸುಸ್ತಾಗಿದ್ದ ಮೇಂಟೇನರ್ (ಪ್ರಾಜೆಕ್ಟ್ ನೋಡ್ಕೊಳ್ಳೋರ) ವಿಶ್ವಾಸ ಗಳಿಸಿದ್ದ ಒಬ್ಬ ಹೊಸಬನೇ ಅದನ್ನ ಇಟ್ಟಿದ್ದ. ದೂರದ ಕಂಪ್ಯೂಟರ್‌ಗೆ ಹೋಗೋ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡ ಆಗ್ತಿದೆಯಲ್ಲ ಅಂತ ಆಂಡ್ರೆಸ್ ಫ್ರಾಯಿಂಡ್ ಅನ್ನೋ ಎಂಜಿನಿಯರ್ ಬೆನ್ನು ಹತ್ತಿ ಹೋಗಿದ್ದಕ್ಕೆ ಅದು ಸಿಕ್ಕಿಬಿತ್ತು, ಇಲ್ಲಾಂದ್ರೆ ಪ್ರಪಂಚದ ಎಷ್ಟು ಸರ್ವರ್‌ಗೆ ಹೋಗ್ತಿತ್ತೋ. ಇಷ್ಟೆಲ್ಲಾ ಆದ್ಮೇಲೆ ಪರಿಚಯ ಇಲ್ಲದ ಹೆಸರು ಕಂಡ್ರೆ ಮೇಂಟೇನರ್‌ಗಳು ಒಂದು ಕ್ಷಣ ಯೋಚನೆ ಮಾಡೋದು ಸಹಜ, ಅದನ್ನ ಮನಸ್ಸಿಗೆ ಹಚ್ಕೋಬೇಡಿ.

ಈಗ ಪ್ರಾಜೆಕ್ಟ್ ಆರಿಸ್ಕೊಳ್ಳೋ ವಿಷ್ಯ. ಲೇಬಲ್ ಹುಡುಕೋದು ಬಿಡಿ, ನೀವು ದಿನಾ ಬಳಸೋ ಸಾಫ್ಟ್‌ವೇರ್ ಹಿಡೀರಿ. ದಿನಾ ಬಳಸೋದ್ರಲ್ಲಿ ಏನು ಕೈ ಕೊಡತ್ತೆ ಅಂತ ನಿಮಗೇ ಗೊತ್ತಿರತ್ತೆ, ಸರಿಯಾದ್ರೆ ನಿಮಗೇ ಲಾಭ, ಹಾಗಾಗಿ ಒಂದು ತಿಂಗಳು ಉತ್ತರ ಬರ್ಲಿಲ್ಲ ಅಂದ್ರೂ ಬಿಟ್ಟು ಹೋಗಲ್ಲ. ನಾನು ಇಲ್ಲಿ ಲಿಬ್ರೆಆಫೀಸ್ (ವರ್ಡ್, ಎಕ್ಸೆಲ್ ಥರದ ಉಚಿತ ಆಫೀಸ್ ಸಾಫ್ಟ್‌ವೇರ್) ಇಟ್ಕೊಂಡು ಹೇಳ್ತೀನಿ, ಯಾಕಂದ್ರೆ ನಿಮಗೆ ಸಿ ಪ್ಲಸ್ ಪ್ಲಸ್ ಬರತ್ತೆ, ಅದ್ರ ಬಹುಪಾಲು ಕೋಡ್ ಅದೇ, ಮತ್ತೆ ಕನ್ನಡ ಬಲ್ಲವರಿಗೆ ಅಲ್ಲಿ ಬೇರೆಯವರಿಗೆ ಇಲ್ಲದ ಒಂದು ಅನುಕೂಲ ಇದೆ, ಅದಕ್ಕೆ ಆಮೇಲೆ ಬರ್ತೀನಿ. 2010ರ ಸೆಪ್ಟೆಂಬರ್‌ನಲ್ಲಿ ಓಪನ್‌ಆಫೀಸ್‌ನಿಂದ ಬೇರೆಯಾಗಿ ಹುಟ್ಟಿದ ಪ್ರಾಜೆಕ್ಟ್ ಇದು, ನಡೆಸೋದು ಡಾಕ್ಯುಮೆಂಟ್ ಫೌಂಡೇಷನ್. ಕೋಡಿನ ಬೇರು ಇನ್ನೂ ಹಳೇದು, 80ರ ದಶಕದಲ್ಲಿ ಜರ್ಮನಿಲಿ ಶುರುವಾದ ಸ್ಟಾರ್‌ರೈಟರ್, ಸ್ಟಾರ್‌ಆಫೀಸ್‌ದು. ಹೊಸದಾಗಿ ಒಳಗೆ ಹೋದೋರಿಗೆ ಡೈರೆಕ್ಟರಿ ಹೆಸರುಗಳು ವಿಚಿತ್ರ ಅನ್ಸೋದು ಅದಕ್ಕೇನೇ: ಬರಹಕ್ಕಿರೋ ರೈಟರ್‌ನ ಕೋಡ್ ಎಸ್‌ಡಬ್ಲ್ಯೂ ಅನ್ನೋ ಫೋಲ್ಡರ್‌ನಲ್ಲಿ, ಲೆಕ್ಕದ ಹಾಳೆಯ ಕ್ಯಾಲ್ಕ್ ಎಸ್‌ಸಿನಲ್ಲಿ, ಸ್ಲೈಡ್ ಮಾಡೋ ಇಂಪ್ರೆಸ್ ಎಸ್‌ಡಿನಲ್ಲಿ ಇದೆ, ಸ್ಕ್ರೀನ್ ಮೇಲೆ ಚಿತ್ರಿಸೋ ಭಾಗ ವಿಸಿಎಲ್.

ಮೊದಲ ಕೆಲವು ವಾರ ಕೋಡ್ ಬರೀಲೇಬೇಡಿ ಅಂತೀನಿ. ಬೇಜಾರಾಗ್ಬೇಡಿ, ಕಾರಣ ಇದೆ. ಲಿಬ್ರೆಆಫೀಸ್‌ನ ಬಗ್‌ಝಿಲ್ಲಾಗೆ (ಬಗ್ ಅಂದ್ರೆ ದೋಷಗಳನ್ನ ದಾಖಲಿಸೋ ಸೈಟ್) ಹೋಗಿ ನೋಡಿ, ಹೊಸ ಬಗ್ ಬಂದ ತಕ್ಷಣ ಅದ್ರ ಸ್ಥಿತಿ "ಅನ್‌ಕನ್ಫರ್ಮ್ಡ್". ಬರೆದವರನ್ನ ಬಿಟ್ಟು ಬೇರೆ ಯಾರಾದ್ರೂ ಒಬ್ರು ತಮ್ಮ ಮೆಷಿನ್‌ನಲ್ಲಿ ಅದನ್ನ ಮಾಡಿ ನೋಡಿ "ಹೌದು, ನನಗೂ ಬಂತು" ಅಂದ್ಮೇಲೆ ಅದು "ನ್ಯೂ" ಆಗತ್ತೆ. ಆ ಬೇರೆ ಯಾರಾದ್ರೂ ನೀವೇ ಆಗ್ಬಹುದು, ಯಾರ ಪರ್ಮಿಷನ್ನೂ ಬೇಡ, ಅಸೈನ್ ಮಾಡಿಸ್ಕೊಳ್ಳೋದೂ ಬೇಡ, ಆ ಸಾಲಿನಲ್ಲಿ ಯಾರೂ ನೂಕಾಡ್ತಿಲ್ಲ. ಡೈಲಿ ಬಿಲ್ಡ್ ಅಂತ ಪ್ರತಿದಿನ ರೆಡಿಯಾಗೋ ವರ್ಷನ್ ಇಳಿಸ್ಕೊಂಡ್ರೆ ನಿಮ್ಮ ಮಾಮೂಲಿ ಲಿಬ್ರೆಆಫೀಸ್ ಪಕ್ಕದಲ್ಲೇ ಬೇರೆಯಾಗಿ ಕೂತ್ಕೊಳತ್ತೆ, ಅದ್ರಲ್ಲಿ ಬಗ್ ಇನ್ನೂ ಇದ್ಯಾ ಅಂತ ನೋಡಿ, ಆಪರೇಟಿಂಗ್ ಸಿಸ್ಟಮ್, ವರ್ಷನ್, ಮಾಡಿದ ಹೆಜ್ಜೆಗಳು ಇಷ್ಟು ಬರೀರಿ. ಎರಡು ವಾಕ್ಯ ಸಾಕು.

ಇದಕ್ಕಿಂತ ಒಂದು ಮೆಟ್ಟಿಲು ಮೇಲೆ ಬಿಬಿಸೆಕ್ಟ್ ಅಂತ ಇದೆ. ಗಿಟ್ ಬೈಸೆಕ್ಟ್ ಗೊತ್ತಲ್ಲ, ಯಾವ ಕಮಿಟ್‌ನಿಂದ (ಗಿಟ್‌ನಲ್ಲಿ ದಾಖಲಾದ ಒಂದು ಬದಲಾವಣೆ) ಕೆಟ್ಟಿತು ಅಂತ ಅರ್ಧ ಅರ್ಧ ಮಾಡ್ತಾ ಹುಡುಕೋದು. ಲಿಬ್ರೆಆಫೀಸ್‌ನಷ್ಟು ದೊಡ್ಡ ಕೋಡನ್ನ ಪ್ರತಿ ಹೆಜ್ಜೆಗೂ ಕಂಪೈಲ್ ಮಾಡ್ತಾ ಕೂತ್ರೆ ಮುಗಿಯಲ್ಲ ಅಂತ ಅವರು ಮೊದಲೇ ಕಂಪೈಲ್ ಮಾಡಿದ ಬೈನರಿಗಳನ್ನೇ ಗಿಟ್ ರೆಪಾಸಿಟರಿಲಿ ತುಂಬಿಟ್ಟಿದ್ದಾರೆ. ನೀವು ಬರೀ ಓಪನ್ ಮಾಡಿ, ಬಗ್ ಇದ್ಯಾ ಇಲ್ವಾ ನೋಡಿ, ಗುಡ್ ಅಥವಾ ಬ್ಯಾಡ್ ಅಂತ ಹೇಳ್ತಾ ಹೋದ್ರೆ ಕೊನೆಗೆ ತಪ್ಪು ಎಲ್ಲಿಂದ ಶುರುವಾಯ್ತು ಅಂತ ಬಂದು ನಿಲ್ಲತ್ತೆ. ಡೌನ್‌ಲೋಡ್ ದೊಡ್ಡದು, ಕಾಲೇಜ್ ವೈಫೈ ಚೆನ್ನಾಗಿದ್ರೆ ಅಲ್ಲಿಂದ ಇಳಿಸ್ಕೊಳ್ಳಿ. "ಇಂತಾ ಕಮಿಟ್ ಆದ್ಮೇಲೆ ಹೀಗಾಗ್ತಿದೆ" ಅಂತ ನೀವು ತೋರಿಸ್ಕೊಟ್ರೆ ಆ ಕಮಿಟ್ ಬರೆದವರೇ ಬಂದು ನೋಡೋ ಸಾಧ್ಯತೆ ಬಹಳ ಜಾಸ್ತಿ, ಅಲ್ಲಿಗೆ ಡೆವಲಪರ್‌ಗಳಿಗೆ ನಿಮ್ಮ ಹೆಸರು ಪರಿಚಯ ಆಯ್ತು. ಇನ್ನೊಂದು ಲಾಭ, ಇಷ್ಟೆಲ್ಲಾ ಬಗ್ ಓದ್ತಾ ಓದ್ತಾ ಯಾವ ಭಾಗ ಯಾರು ನೋಡ್ಕೊಳ್ತಾರೆ, ಹೇಗೆ ಮಾತಾಡ್ತಾರೆ, ಯಾವುದಕ್ಕೆ ಬೇಡ ಅಂತಾರೆ ಎಲ್ಲಾ ನಿಮಗೆ ತಿಳಿದುಹೋಗಿರತ್ತೆ.

ಈಗ ಆ ಅನುಕೂಲದ ಮಾತು. ಬರ್ಲಿನ್‌ನಲ್ಲೋ ಬುಡಾಪೆಸ್ಟ್‌ನಲ್ಲೋ ಕೂತ ಡೆವಲಪರ್‌ಗೆ "ಲಕ್ಷ್ಮಿ" "ರಾಷ್ಟ್ರ" "ಅರ್ಥ" ಅನ್ನೋದು ಸ್ಕ್ರೀನ್ ಮೇಲೆ ಸರಿಯಾಗಿ ಬಂದಿದ್ಯಾ ಒತ್ತಕ್ಷರ ಪಕ್ಕಕ್ಕೆ ಹಾರಿದ್ಯಾ ಅಂತ ನೋಡಿ ಹೇಳೋಕಾಗಲ್ಲ. ನಿಮಗೆ ಒಂದೇ ನೋಟಕ್ಕೆ ಗೊತ್ತಾಗತ್ತೆ. ಹಾಗಾಗಿ ಕನ್ನಡದ ಬಗ್‌ಗಳನ್ನ ನೀವು ಹಿಡಿದ್ರೆ ಪೈಪೋಟಿಗೆ ಬರೋರು ಬಹಳ ಕಡಿಮೆ. ಪರೀಕ್ಷೆ ಮಾಡೋಕೆ ಎಷ್ಟೊಂದಿದೆ: ಒತ್ತಕ್ಷರದ ನಡುವೆ ಕರ್ಸರ್ ಎಲ್ಲಿ ನಿಲ್ಲತ್ತೆ, ಬ್ಯಾಕ್‌ಸ್ಪೇಸ್ ಒತ್ತಿದ್ರೆ ಏನೇನು ಹೋಗತ್ತೆ, ಸಾಲಿನ ಕೊನೇಲಿ ಅಕ್ಷರ ಮಧ್ಯಕ್ಕೆ ಮುರಿಯತ್ತಾ, ಅಕಾರಾದಿ ಸಾರ್ಟ್ ಸರಿ ಇದ್ಯಾ, "ರ‍್ಯಾಂಕ್" ಅಂತ ಝೀರೋ ವಿಡ್ತ್ ಜಾಯ್ನರ್ (ಕಣ್ಣಿಗೆ ಕಾಣದ ಜೋಡಿಸೋ ಚಿಹ್ನೆ) ಹಾಕಿ ಟೈಪ್ ಮಾಡಿದ್ದು ಹುಡುಕಿದಾಗ ಸಿಗತ್ತಾ, ಪಿಡಿಎಫ್ ಮಾಡಿ ಅದ್ರಿಂದ ಕಾಪಿ ಮಾಡಿದ್ರೆ ಅಕ್ಷರ ಹಿಂದೆ ಮುಂದೆ ಆಗ್ತವಾ. ನಮ್ಮ ಆಫೀಸುಗಳಲ್ಲಿ ಯುನಿಕೋಡ್‌ಗೆ ಮೊದಲಿನ ಹಳೇ ನುಡಿ ಫಾಂಟ್‌ನಲ್ಲಿ ಮಾಡಿಟ್ಟ ಫೈಲ್‌ಗಳು ಇನ್ನೂ ಇದ್ದಾವೆ, ಅವುಗಳ ಒಳಗೆ ಇರೋದು ಇಂಗ್ಲಿಷ್ ಅಕ್ಷರದ ಕೋಡ್, ಫಾಂಟ್ ಬದಲಾದ್ರೆ ಬರೀ ಗೀಚುಗಳು ಕಾಣ್ಸತ್ತೆ, ಅದು ಲಿಬ್ರೆಆಫೀಸ್ ಬಗ್ ಅಲ್ಲ, ಹಾಗಾಗಿ ಅದನ್ನ ರಿಪೋರ್ಟ್ ಮಾಡೋಕೆ ಹೋಗ್ಬೇಡಿ.

ಆದ್ರೆ "ಕನ್ನಡ ಸರಿ ಬರ್ತಿಲ್ಲ" ಅಂತಷ್ಟೇ ಬರೆದ್ರೆ ಆ ಬಗ್ ವರ್ಷಗಟ್ಟಲೆ ಅಲ್ಲೇ ಕೊಳೆಯತ್ತೆ. ತಪ್ಪು ಯಾವ ಪದರದಲ್ಲಿದೆ ಅಂತ ನೀವೇ ಬೇರ್ಪಡಿಸಿ ಕೊಡ್ಬೇಕು. 2017ರಲ್ಲಿ ಬಂದ 5.3ರಿಂದ ಲಿಬ್ರೆಆಫೀಸ್ ಎಲ್ಲಾ ಆಪರೇಟಿಂಗ್ ಸಿಸ್ಟಮ್‌ನಲ್ಲೂ ಅಕ್ಷರ ಜೋಡಿಸೋಕೆ ಹಾರ್ಫ್‌ಬಝ್ ಅನ್ನೋ ಲೈಬ್ರರಿ ಬಳಸತ್ತೆ, ಫೈರ್‌ಫಾಕ್ಸ್, ಕ್ರೋಮ್ ಕೂಡ ಬಳಸೋದು ಅದನ್ನೇ. ಹಾಗಾಗಿ ಹೀಗೆ ಮಾಡಿ: ಅದೇ ಪದವನ್ನ ನೋಟೋ ಸಾನ್ಸ್ ಕನ್ನಡ, ಗುಬ್ಬಿ, ನವಿಲು ಹೀಗೆ ಎರಡು ಮೂರು ಫಾಂಟ್‌ನಲ್ಲಿ ನೋಡಿ, ಒಂದರಲ್ಲಿ ಮಾತ್ರ ಕೆಟ್ಟಿದ್ರೆ ಅದು ಫಾಂಟ್‌ನವರ ಬಗ್. ಎಲ್ಲಾ ಫಾಂಟ್‌ನಲ್ಲೂ ಕೆಟ್ಟಿದ್ದು ಫೈರ್‌ಫಾಕ್ಸ್‌ನಲ್ಲೂ ಹಾಗೇ ಬಂದ್ರೆ ಹಾರ್ಫ್‌ಬಝ್ ಕಡೆ ಅನುಮಾನ, ಅದ್ರ ಜೊತೆ ಬರೋ ಎಚ್‌ಬಿ-ವ್ಯೂ ಅನ್ನೋ ಪುಟ್ಟ ಟೂಲ್‌ನಲ್ಲಿ ಖಾತ್ರಿ ಮಾಡ್ಕೋಬಹುದು. ಬ್ರೌಸರ್‌ನಲ್ಲಿ ಚೆನ್ನಾಗಿದ್ದು ರೈಟರ್‌ನಲ್ಲಿ ಮಾತ್ರ ಕೆಟ್ರೆ ಅದು ಲಿಬ್ರೆಆಫೀಸ್‌ನದ್ದೇ ಅಂತ ಹೆಚ್ಚುಕಮ್ಮಿ ಗ್ಯಾರಂಟಿ. ಒಂದೇ ಸಾಲಿರೋ ಚಿಕ್ಕ ಫೈಲ್, ತಪ್ಪಿನ ಸ್ಕ್ರೀನ್‌ಶಾಟ್, ಸರಿ ಹೇಗಿರ್ಬೇಕು ಅನ್ನೋ ಇನ್ನೊಂದು ಚಿತ್ರ, ಫಾಂಟ್ ಹೆಸರು, ಇಷ್ಟನ್ನ ಲಗತ್ತಿಸಿ. ಹೀಗೆ ಬರೆದ ರಿಪೋರ್ಟ್ ಸಿಕ್ರೆ ಕನ್ನಡದ ಗಂಧಗಾಳಿ ಇಲ್ಲದ ಡೆವಲಪರ್ ಕೂಡ ಕೆಲಸ ಶುರು ಮಾಡ್ಬಹುದು. ನಮ್ಮ ಭಾಷೆ ಕಂಪ್ಯೂಟರ್‌ನಲ್ಲಿ ಸರಿಯಾಗಿ ಬರ್ಬೇಕು ಅಂದ್ರೆ ಯಾರೋ ಒಬ್ರು ಇಷ್ಟು ತಾಳ್ಮೆಯಿಂದ ಕೂರ್ಬೇಕು, ಅದು ನಮ್ಮೋರೇ ಆಗಿರ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಈಗ ಬಿಲ್ಡ್ ಮಾಡೋದು, ಅಂದ್ರೆ ಕೋಡಿನಿಂದ ಓಡೋ ಪ್ರೋಗ್ರಾಂ ತಯಾರಿಸೋದು. 8 ಜಿಬಿಲಿ ಆಗತ್ತೆ, ಆದ್ರೆ ಒದ್ದಾಡತ್ತೆ. ಲಿನಕ್ಸ್‌ನಲ್ಲಿ ಮಾಡಿ, ಡಿಸ್ಕ್‌ನಲ್ಲಿ ಹತ್ತಾರು ಜಿಬಿ ಖಾಲಿ ಇಟ್ಕೊಳ್ಳಿ, ಸಿಕ್ಯಾಶ್ (ಒಮ್ಮೆ ಕಂಪೈಲ್ ಆದದ್ದನ್ನ ಉಳಿಸಿಡೋ ಟೂಲ್) ಹಾಕ್ಕೊಳ್ಳಿ, ಒಟ್ಟಿಗೆ ನಡೆಯೋ ಜಾಬ್‌ಗಳ ಸಂಖ್ಯೆ ಕಡಿಮೆ ಮಾಡಿ, ಡೀಬಗ್ ಸಿಂಬಲ್ಸ್ (ದೋಷ ಹುಡುಕೋಕೆ ಬೇಕಾದ ಮಾಹಿತಿ) ನಿಮಗೆ ಬೇಕಾದ ಮಾಡ್ಯೂಲ್‌ಗೆ ಮಾತ್ರ ಇಡಿ. ಬಿಲ್ಡ್‌ಗೆ ಸಿದ್ಧ ಮಾಡೋ ಆಟೋಜೆನ್ ಸ್ಕ್ರಿಪ್ಟ್ ಓಡ್ಸಿ, ಮೇಕ್ ಕಮಾಂಡ್ ಕೊಟ್ಟು ರಾತ್ರಿ ಮಲಗಿಬಿಡಿ. ಮೊದಲ ಸಲ ಗಂಟೆಗಟ್ಟಲೆ ಹಿಡಿಯತ್ತೆ, ಆಮೇಲೆ ಬದಲಾಯಿಸಿದ ಮಾಡ್ಯೂಲ್ ಒಂದನ್ನೇ ಮಾಡೋದ್ರಿಂದ ಬೇಗ ಆಗತ್ತೆ. ಇದು ಆಗ್ಲೇ ಇಲ್ಲ ಅಂದ್ರೆ ವಿಕಿಮೀಡಿಯಾದ ಜೆಕ್ವೆರಿ ಐಎಂಇ ನೋಡಿ, ವಿಕಿಪೀಡಿಯದಲ್ಲಿ ಕನ್ನಡ ಟೈಪ್ ಮಾಡೋಕೆ ಬಳಸೋ ಕೋಡ್ ಅದು, ಸಣ್ಣ ಜಾವಾಸ್ಕ್ರಿಪ್ಟ್ ಪ್ರಾಜೆಕ್ಟ್, ಲಿಪ್ಯಂತರ, ಇನ್‌ಸ್ಕ್ರಿಪ್ಟ್ ಹೀಗೆ ಒಂದೊಂದು ಕೀಲಿಮಣೆ ವಿನ್ಯಾಸಕ್ಕೂ ಒಂದೊಂದು ಪುಟ್ಟ ನಿಯಮಗಳ ಫೈಲ್, ಅದಕ್ಕೆ ಟೆಸ್ಟ್‌ಗಳು. ಯಾವ ಲ್ಯಾಪ್‌ಟಾಪ್‌ನಲ್ಲೂ ಓಡತ್ತೆ.

ಕೋಡ್ ಮುಟ್ಟೋ ಹಂತಕ್ಕೆ ಬಂದ್ಮೇಲೆ ಬಗ್‌ಝಿಲ್ಲಾದಲ್ಲಿ ಈಝಿಹ್ಯಾಕ್ ಅನ್ನೋ ಕೀವರ್ಡ್ ಹುಡುಕಿ, ಕಷ್ಟ ಎಷ್ಟು, ಯಾವ ಭಾಷೆ ಬೇಕು ಅಂತ ಅದ್ರ ಜೊತೆಗೇ ಗುರುತು ಇರತ್ತೆ. ಸಾಧ್ಯ ಆದ್ರೆ ನೀವೇ ಕನ್ಫರ್ಮ್ ಮಾಡಿದ ಯಾವ್ದಾದ್ರೂ ಚಿಕ್ಕ ಬಗ್ ತಗೊಳ್ಳಿ, ಅದು ಇನ್ನೂ ಒಳ್ಳೇದು. ಇಷ್ಟು ದೊಡ್ಡ ಕೋಡಿನಲ್ಲಿ ಎಲ್ಲಿ ಅಂತ ಹುಡುಕೋದು ಅನ್ನೋ ಭಯ ಎಲ್ಲರಿಗೂ ಇರತ್ತೆ. ಪೂರ್ತಿ ಅರ್ಥ ಮಾಡ್ಕೊಂಡು ಆಮೇಲೆ ಶುರು ಮಾಡ್ತೀನಿ ಅಂತ ಹೊರಡ್ಬೇಡಿ, ಅಲ್ಲಿ ಅದನ್ನ ಪೂರ್ತಿ ಬಲ್ಲವರು ಯಾರೂ ಇಲ್ಲ. ಸ್ಕ್ರೀನ್ ಮೇಲೆ ಕಾಣೋ ಮೆನುವಿನ ಮಾತನ್ನ ಹಾಗೇ ಗಿಟ್ ಗ್ರೆಪ್‌ಗೆ (ಕೋಡಿನಲ್ಲಿ ಪದ ಹುಡುಕೋ ಕಮಾಂಡ್) ಕೊಡಿ, ಅದು ಯಾವ ಕಮಾಂಡ್‌ಗೆ ಅಂಟಿದೆ ಸಿಗತ್ತೆ, ಆ ಕಮಾಂಡ್ ಹೆಸರನ್ನ ಮತ್ತೆ ಗ್ರೆಪ್ ಮಾಡಿ, ಯಾವ ಫಂಕ್ಷನ್ ನಡೆಸ್ತಿದೆ ಸಿಗತ್ತೆ, ಅಲ್ಲಿ ಬ್ರೇಕ್‌ಪಾಯಿಂಟ್ (ಪ್ರೋಗ್ರಾಂ ಅಲ್ಲೇ ನಿಲ್ಲೋ ಗುರುತು) ಹಾಕಿ. ಸಾಲು ಸಿಕ್ಕಿದ ಮೇಲೂ ತಕ್ಷಣ ಬದಲಾಯಿಸ್ಬೇಡಿ! ಗಿಟ್ ಬ್ಲೇಮ್‌ನಲ್ಲಿ ಅದು ಯಾವಾಗ ಬಂತು ನೋಡಿ, ಗಿಟ್ ಲಾಗ್‌ಗೆ ಕ್ಯಾಪಿಟಲ್ ಎಸ್ ಆಪ್ಷನ್ ಕೊಟ್ಟು ಆ ತುಣುಕು ಮೊದಲು ಸೇರಿದ ಕಮಿಟ್ ಹುಡುಕಿ ಅದ್ರ ಮೆಸೇಜ್ ಓದಿ. ಎಷ್ಟೋ ಸಲ ಸುಮ್ನೆ ಇದೆ ಅನ್ಸೋ ಒಂದು ಇಫ್ ಕಂಡೀಷನ್ ಹಿಂದೆ ಹತ್ತು ವರ್ಷದ ಹಿಂದಿನ ಒಂದು ವರ್ಡ್ ಫೈಲ್‌ನ ಕಥೆ ಇರತ್ತೆ. ಅದನ್ನ ತಿಳ್ಕೊಂಡು ಬಂದಿದ್ದೀರಿ ಅಂತ ನಿಮ್ಮ ಪ್ಯಾಚ್‌ನಲ್ಲಿ (ಕಳಿಸೋ ತಿದ್ದುಪಡಿಯಲ್ಲಿ) ಕಂಡ್ರೆ ರಿವ್ಯೂ ಮಾಡೋರು ಅರ್ಧ ನೆಮ್ಮದಿ ಆಗ್ತಾರೆ.

ಕಳಿಸೋ ವಿಧಾನ ಪ್ರಾಜೆಕ್ಟ್‌ಗೆ ತಕ್ಕಂತೆ ಬೇರೆ. ಲಿಬ್ರೆಆಫೀಸ್‌ನಲ್ಲಿ ಗಿಟ್‌ಹಬ್ ಪುಲ್ ರಿಕ್ವೆಸ್ಟ್ ಅಲ್ಲ, ಗೆರಿಟ್ ಅನ್ನೋ ರಿವ್ಯೂ ಸೈಟ್ ಇದೆ, ಒಂದು ಕಮಿಟ್‌ಗೆ ಒಂದು ರಿವ್ಯೂ, ತಿದ್ದಿದ್ರೆ ಅದೇ ಕಮಿಟನ್ನ ಅಮೆಂಡ್ ಮಾಡಿ ಮತ್ತೆ ಕಳಿಸ್ಬೇಕು, ಅದಕ್ಕೆಲ್ಲ ಲೋಗೆರಿಟ್ ಅಂತ ಸ್ಕ್ರಿಪ್ಟ್ ಅವರೇ ಕೊಟ್ಟಿದ್ದಾರೆ. ಮೊದಲ ಪ್ಯಾಚ್ ಜೊತೆ ನಿಮ್ಮ ಕೆಲಸವನ್ನ ಅವರ ಲೈಸೆನ್ಸ್‌ಗಳಲ್ಲಿ ಬಳಸ್ಬಹುದು ಅಂತ ಒಂದು ಇಮೇಲ್ ಡೆವಲಪರ್ ಲಿಸ್ಟ್‌ಗೆ ಕಳಿಸ್ಬೇಕು, ಒಂದೇ ಸಲ. ಕಮಿಟ್ ಮೆಸೇಜಿನ ಮೊದಲ ಸಾಲಿನಲ್ಲಿ ಟಿಡಿಎಫ್ (ಡಾಕ್ಯುಮೆಂಟ್ ಫೌಂಡೇಷನ್‌ನ ಚಿಕ್ಕ ರೂಪ), ಹ್ಯಾಷ್ ಚಿಹ್ನೆ, ಬಗ್ ನಂಬರ್ ಹಾಕಿ ಏನು ಮಾಡಿದ್ದೀರಿ ಅಂತ ಚಿಕ್ಕದಾಗಿ, ಕೆಳಗೆ ಯಾಕೆ ಮಾಡಿದ್ದೀರಿ ಅಂತ. ಏನು ಮಾಡಿದ್ರಿ ಅನ್ನೋದು ಕೋಡ್ ನೋಡಿದ್ರೂ ಗೊತ್ತಾಗತ್ತೆ, ಯಾಕೆ ಅನ್ನೋದು ನೀವು ಬರೆದ್ರೆ ಮಾತ್ರ. ಒಂದು ಪ್ಯಾಚ್‌ನಲ್ಲಿ ಒಂದೇ ವಿಷ್ಯ ಇರ್ಲಿ, ದಾರೀಲಿ ಸಿಕ್ಕಿದ ಸ್ಪೇಸ್, ಸ್ಪೆಲಿಂಗ್ ಎಲ್ಲಾ ಸರಿ ಮಾಡ್ತಾ ಹೋಗ್ಬೇಡಿ, ಓದೋರಿಗೆ ನಿಜವಾದ ಬದಲಾವಣೆ ಯಾವುದು ಅಂತ ಹುಡುಕೋ ಕೆಲಸ ಕೊಟ್ಟಂಗಾಗತ್ತೆ. ಟೆಸ್ಟ್ ಒಂದು ಸೇರಿಸಿದ್ರಂತೂ ಬಹಳ ಒಳ್ಳೇದು. ಜೆಂಕಿನ್ಸ್ ಅನ್ನೋ ತಾನಾಗೇ ಪರೀಕ್ಷಿಸೋ ವ್ಯವಸ್ಥೆ ಅದನ್ನ ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಬಿಲ್ಡ್ ಮಾಡಿ ನೋಡತ್ತೆ, ಕೆಂಪು ಬಂದ್ರೆ ಗಾಬರಿ ಬೇಡ, ಲಾಗ್ ಓದಿ, ಕೆಲವು ಸಲ ನಿಮ್ಮ ತಪ್ಪು ಇರೋದೇ ಇಲ್ಲ.

ಈಗ ನಿಮ್ಮ ಮೂರು ವಾರದ ಪುಲ್ ರಿಕ್ವೆಸ್ಟ್. ಅದನ್ನ ತೆರೆದು ನೋಡಿ, ಮೇನ್ ಬ್ರಾಂಚ್ ಮುಂದೆ ಹೋಗಿ ಕಾನ್‌ಫ್ಲಿಕ್ಟ್ (ಅದಕ್ಕೂ ನಿಮ್ಮದಕ್ಕೂ ತಿಕ್ಕಾಟ) ಬಂದಿದ್ರೆ ರೀಬೇಸ್ ಮಾಡಿ, ಅಂದ್ರೆ ನಿಮ್ಮ ಬದಲಾವಣೆನ ಹೊಸ ಕೋಡಿನ ಮೇಲೆ ಕೂರಿಸಿ. ಟೆಸ್ಟ್ ಫೇಲ್ ಆಗಿದ್ರೆ ಸರಿ ಮಾಡಿ. ಆಮೇಲೆ ನೀವು ಬದಲಾಯಿಸಿದ ಫೈಲ್‌ನ ಗಿಟ್ ಲಾಗ್ ತೆಗೆದು ಇತ್ತೀಚೆಗೆ ಅದ್ರಲ್ಲಿ ಕೆಲಸ ಮಾಡಿದೋರು, ಮರ್ಜ್ ಮಾಡಿದೋರು (ಬದಲಾವಣೆ ಸೇರಿಸ್ಕೊಂಡೋರು) ಯಾರು ನೋಡಿ, ಅವರಲ್ಲಿ ಒಬ್ರನ್ನ ಹೆಸರಿಸಿ ಒಂದೇ ಒಂದು ಕಾಮೆಂಟ್ ಹಾಕಿ: ರೀಬೇಸ್ ಮಾಡಿದ್ದೀನಿ, ಹೀಗೆ ಟೆಸ್ಟ್ ಮಾಡಿದ್ದೀನಿ, ಬಿಡುವಾದಾಗ ನೋಡ್ತೀರಾ ಅಂತ. ಇನ್ನೂ ಎರಡು ವಾರ ಬಿಟ್ಟು ಇನ್ನೊಂದು ಸಲ ಕೇಳ್ಬಹುದು. ಅದಾದ್ಮೇಲೂ ಸದ್ದಿಲ್ಲ ಅಂದ್ರೆ ಆ ರೆಪಾಸಿಟರಿಲಿ ಕೊನೆಯದಾಗಿ ಹೊರಗಿನವರ ಪ್ಯಾಚ್ ಮರ್ಜ್ ಆಗಿದ್ದು ಯಾವಾಗ ಅಂತ ನೋಡಿ, ಒಂದು ವರ್ಷದಿಂದ ಆಗಿಲ್ಲ ಅಂದ್ರೆ ಅಲ್ಲಿ ಓದೋರೇ ಇಲ್ಲ, ಮುಂದೆ ಹೋಗಿ. ನಿಜ ಹೇಳ್ಬೇಕು ಅಂದ್ರೆ ಪ್ರಾಜೆಕ್ಟ್ ಆರಿಸೋ ಮೊದ್ಲೇ ನೋಡ್ಬೇಕಾದ್ದು ಇದು, ಗಿಟ್‌ಹಬ್‌ನಲ್ಲಿ ಸ್ಟಾರ್ (ಜನರ ಮೆಚ್ಚುಗೆ ಗುರುತು) ಎಷ್ಟಿದೆ ಅನ್ನೋದಕ್ಕಿಂತ ಹೊಸಬರ ಪ್ಯಾಚ್‌ಗೆ ಉತ್ತರ ಎಷ್ಟು ದಿನಕ್ಕೆ ಬರ್ತಿದೆ ಅನ್ನೋದು ಮುಖ್ಯ.

ರಿವ್ಯೂನಲ್ಲಿ ಒಂದೇ ಪ್ಯಾಚ್‌ಗೆ ಹತ್ತು ತಿದ್ದುಪಡಿ ಹೇಳಿದ್ರೆ ಖುಷಿ ಪಡಿ, ಯಾರೋ ತಮ್ಮ ಸಂಜೆನ ನಿಮಗೋಸ್ಕರ ಕೊಟ್ಟಿದ್ದಾರೆ. ಪ್ರತಿ ಮಾತಿಗೂ ಉತ್ತರ ಕೊಡಿ, ಒಪ್ಪದಿದ್ರೆ ಕಾರಣ ಹೇಳಿ, ಅರ್ಥ ಆಗ್ದಿದ್ರೆ ಅರ್ಥ ಆಗ್ಲಿಲ್ಲ ಅನ್ನಿ.

ಇಂಗ್ಲಿಷ್ ಬಗ್ಗೆ ತಲೆ ಕೆಡಿಸ್ಕೋಬೇಡಿ. ಅಲ್ಲಿ ಇರೋರಲ್ಲಿ ಎಷ್ಟೋ ಜನಕ್ಕೆ ಇಂಗ್ಲಿಷ್ ಮನೆಮಾತಲ್ಲ, ಜರ್ಮನಿ, ಹಂಗೇರಿ, ಟರ್ಕಿ, ಜಪಾನ್ ಹೀಗೆ ಎಲ್ಲೆಲ್ಲಿಂದಲೋ ಬಂದಿರ್ತಾರೆ, ಚಿಕ್ಕ ಚಿಕ್ಕ ವಾಕ್ಯಗಳೇ ಅವರಿಗೂ ಇಷ್ಟ. ನಾವು ಕಾಲೇಜಲ್ಲಿ ಕಲಿತ "ರೆಸ್ಪೆಕ್ಟೆಡ್ ಸರ್, ಕೈಂಡ್ಲಿ ಅಸೈನ್ ಮಿ" ಅನ್ನೋದನ್ನ ಮಾತ್ರ ಬಿಡಿ. ಅಲ್ಲಿ ಎಲ್ಲರೂ ಹೆಸರು ಹಿಡಿದೇ ಕರೀತಾರೆ, ಅದು ಅಗೌರವ ಅಲ್ಲ. ಅವರ ಸಮಯ ಉಳಿಸೋದೇ ಅಲ್ಲಿ ಕೊಡೋ ಗೌರವ. ಚಾಟ್‌ನಲ್ಲಿ "ಹಾಯ್" ಅಂತ ಹಾಕಿ ಕಾಯ್ಬೇಡಿ, ಏನು ಮಾಡ್ತಿದ್ರಿ, ಏನಾಯ್ತು, ಏನೇನು ಪ್ರಯತ್ನ ಮಾಡಿದ್ರಿ ಎಲ್ಲಾ ಒಂದೇ ಸಲ ಹಾಕಿ, ಅದೂ ಎಲ್ಲರಿಗೂ ಕಾಣೋ ಚಾನೆಲ್‌ನಲ್ಲಿ, ಒಬ್ಬರಿಗೆ ಪ್ರೈವೇಟ್ ಮೆಸೇಜ್ ಬೇಡ. ಯುರೋಪಿನೋರು ಏಳೋದು ನಮ್ಮ ಮಧ್ಯಾಹ್ನದ ಹೊತ್ತಿಗೆ, ಹಾಗಾಗಿ ಬೆಳಿಗ್ಗೆ ಕೇಳಿದ್ದಕ್ಕೆ ಸಂಜೆ ಉತ್ತರ ಬಂದ್ರೆ ಅದು ತಡ ಅಲ್ಲ.

ಎಐ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಗೊತ್ತಿಲ್ಲದ ಫಂಕ್ಷನ್ ಏನು ಮಾಡತ್ತೆ ಅಂತ ಕೇಳಿ ತಿಳ್ಕೊಳ್ಳೋಕೆ ಬಳಸಿ, ಹೇಳಿದ್ದು ನಿಜಾನಾ ಅಂತ ಕೋಡ್ ಓದಿ ಖಾತ್ರಿ ಮಾಡ್ಕೊಳ್ಳಿ. ಅದು ಬರೆದುಕೊಟ್ಟ ಪ್ಯಾಚನ್ನ ಹಾಗೇ ಕಳಿಸೋದು ಬೇಡವೇ ಬೇಡ. ನೆಟ್‌ನಲ್ಲಿ ಡೇಟಾ ಕಳಿಸೋಕೆ, ತರಿಸೋಕೆ ಬಳಸೋ ಕರ್ಲ್ ಪ್ರಾಜೆಕ್ಟ್‌ನ ಡೇನಿಯಲ್ ಸ್ಟೆನ್‌ಬರ್ಗ್ ಎಐ ಬರೆದ ಸುಳ್ಳು ಸೆಕ್ಯುರಿಟಿ ರಿಪೋರ್ಟ್‌ಗಳಿಂದ ತಮ್ಮವರ ಸಮಯ ಹೇಗೆ ಹಾಳಾಗ್ತಿದೆ ಅಂತ ಬಹಿರಂಗವಾಗಿ ಎಷ್ಟೋ ಸಲ ಬರೆದಿದ್ದಾರೆ, ಜೆಂಟೂ ಅನ್ನೋ ಲಿನಕ್ಸ್‌ನವರು 2024ರಲ್ಲಿ ಎಐ ಬರೆದ ಕೊಡುಗೆ ತಗೊಳ್ಳಲ್ಲ ಅಂತ ನಿಯಮನೇ ಮಾಡಿದ್ರು. ಪ್ರತಿ ಪ್ರಾಜೆಕ್ಟ್‌ನ ನಿಯಮ ಬೇರೆ, ಓದ್ಕೊಳ್ಳಿ. "ಈ ಸಾಲು ಯಾಕೆ" ಅಂತ ಕೇಳಿದ್ರೆ ನಿಮ್ಮ ಬಾಯಿಂದ ಉತ್ತರ ಬರ್ಬೇಕು, ಬರಲ್ಲ ಅಂದ್ರೆ ಕಳಿಸೋ ಹಂತಕ್ಕೆ ಅದಿನ್ನೂ ಬಂದಿಲ್ಲ.

ಕೊನೇದಾಗಿ ಕೆಲಸದ ಪ್ರಶ್ನೆ. ಹೌದು, ಉಪಯೋಗ ಆಗತ್ತೆ, ಆದ್ರೆ ಗಿಟ್‌ಹಬ್ ಪ್ರೊಫೈಲ್‌ನಲ್ಲಿ ಕೆಲಸ ಮಾಡಿದ ದಿನಕ್ಕೆ ಬೀಳೋ ಹಸಿರು ಚೌಕಗಳಿಂದ ಅಲ್ಲ. ಇಂಟರ್‌ವ್ಯೂನಲ್ಲಿ ಕೂತ ಒಬ್ಬ ಒಳ್ಳೇ ಎಂಜಿನಿಯರ್ ನಿಮ್ಮ ಒಂದು ಬಗ್‌ನ ಲಿಂಕ್ ತೆರೆದು, ನೀವು ಅದನ್ನ ಹೇಗೆ ಹಿಡಿದ್ರಿ, ರಿವ್ಯೂನಲ್ಲಿ ಏನು ವಾದ ಆಯ್ತು, ನೀವು ಹೇಗೆ ಒಪ್ಕೊಂಡ್ರಿ ಅಂತ ಓದಿದ್ರೆ ಅವರಿಗೆ ಬೇಕಾದ್ದು ಸಿಕ್ಕಿಬಿಡತ್ತೆ, ಹಾಗಾಗಿ ರೆಸ್ಯೂಮೆಲಿ ಮರ್ಜ್ ಆದ ಒಂದೆರಡು ಪ್ಯಾಚ್‌ನ ನೇರ ಲಿಂಕ್ ಕೊಡಿ, ಸಂಖ್ಯೆ ಹಾಕ್ಬೇಡಿ. ದುಡ್ಡು ಬರೋ ದಾರಿಗಳೂ ಇವೆ. ಗೂಗಲ್ ಸಮ್ಮರ್ ಆಫ್ ಕೋಡ್ 2005ರಿಂದ ನಡೀತಿದೆ, 2022ರಿಂದ ಸ್ಟೂಡೆಂಟ್ ಅಲ್ಲದ ಹೊಸಬರೂ ಸೇರ್ಬಹುದು, ಲಿಬ್ರೆಆಫೀಸ್ ಅದ್ರಲ್ಲಿ ಎಷ್ಟೋ ವರ್ಷ ಭಾಗವಹಿಸಿದೆ. ಔಟ್‌ರೀಚಿ ಅಂತ ಇನ್ನೊಂದು ಇಂಟರ್ನ್‌ಶಿಪ್ ಇದೆ, ಅದ್ರಲ್ಲಂತೂ ಅರ್ಜಿ ಹಾಕೋ ಅವಧಿಯಲ್ಲೇ ಪ್ರಾಜೆಕ್ಟ್‌ಗೆ ಏನಾದ್ರೂ ಕೊಡುಗೆ ಕೊಟ್ಟಿರ್ಲೇಬೇಕು. ಎರಡರಲ್ಲೂ ಮೆಂಟರ್‌ಗೆ ಮೊದಲೇ ಪರಿಚಯ ಇರೋ ಹೆಸರಿಗೆ ಬೆಲೆ ಜಾಸ್ತಿ, ಮಾರ್ಚ್‌ನಲ್ಲಿ ಪ್ರಪೋಸಲ್ ಬರೆಯೋಕೆ ಕೂರೋದಕ್ಕಿಂತ ಈ ಸೆಮಿಸ್ಟರ್‌ನಲ್ಲೇ ಬಗ್ ಕನ್ಫರ್ಮ್ ಮಾಡೋಕೆ ಶುರು ಮಾಡಿ. ಮುಂದೆ ಕಂಪನಿ ಸೇರಿದ ಮೇಲೆ ಇದನ್ನ ಮುಂದುವರಿಸೋದಾದ್ರೆ ಆಫರ್ ಲೆಟರ್ ಜೊತೆ ಬರೋ ಒಪ್ಪಂದ ಸರಿಯಾಗಿ ಓದಿ, ಮನೇಲಿ ಬರೆದ ಕೋಡೂ ತಮ್ಮದೇ ಅನ್ನೋ ಷರತ್ತು ಕೆಲವರು ಹಾಕಿರ್ತಾರೆ, ಹಾಗಿದ್ರೆ ಸೇರೋ ಮೊದ್ಲೇ ಕೇಳಿ, ಬರವಣಿಗೆಲಿ ಒಪ್ಪಿಗೆ ತಗೊಂಡು ಇಟ್ಕೊಳ್ಳಿ.